ನೇರಪ್ರಸಾರ ನಿಂತು ನಿಂತು ಬರುತ್ತಿದೆಯೇ? ಪ್ಲಾನ್ ಬದಲಿಸುವ ಮೊದಲು ಇಷ್ಟು ನೋಡಿ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ನೆಲ ಮುಟ್ಟಿತು. ಆ ಹೊತ್ತಿಗೆ ಇಸ್ರೊದ ಯೂಟ್ಯೂಬ್ ನೇರಪ್ರಸಾರ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಪರದೆಗಳಲ್ಲಿ ತೆರೆದಿತ್ತು. ಇಂಥ ದಿನಗಳಲ್ಲಿ ಪಕ್ಕದ ಮನೆಯ ಟಿ.ವಿ.ಯಿಂದ ಚಪ್ಪಾಳೆ ಕೇಳಿಬಂದರೂ ಕಂಪ್ಯೂಟರಿನಲ್ಲಿ ಆ ಕ್ಷಣ ಇನ್ನೂ ಬಂದಿರುವುದಿಲ್ಲ. ಇಂಟರ್ನೆಟ್ ಕೈಕೊಟ್ಟಿತೆಂದು ಹಲವರು ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾರೆ, ನೋಡಬೇಕಾದದ್ದೇ ತಪ್ಪಿಹೋಗುತ್ತದೆ. ನೇರಪ್ರಸಾರದ ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಸರ್ವರ್‌ಗಳ ಮೂಲಕ ಕಳಿಸಲಾಗುತ್ತದೆ, ಬ್ರೌಸರ್ ಅವುಗಳಲ್ಲಿ ಒಂದೆರಡನ್ನು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ಹತ್ತಿಪ್ಪತ್ತು ಸೆಕೆಂಡು ತಡವಾಗುವುದು ಸಹಜ. ಅದು ದೋಷವಲ್ಲ.

ವಿಡಿಯೊ ನಿಂತು ನಿಂತು ಬರುವುದು, ಚಿತ್ರ ತಡವರಿಸುವುದು, ದನಿ ಮುಂದೆ ಹೋಗಿ ಬಾಯಿ ಹಿಂದೆ ಉಳಿಯುವುದು ಮಾತ್ರ ದೋಷವೇ. ಇಲ್ಲಿ ಬಹುತೇಕ ಮನೆಗಳಲ್ಲಿ ಆಗುವ ತಪ್ಪು ಒಂದೇ: ಏನನ್ನೂ ಪರೀಕ್ಷಿಸದೆ ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸುವುದು. ಯೂಟ್ಯೂಬ್ ತಾನೇ ಹೇಳುವ ಲೆಕ್ಕದಲ್ಲಿ 480ಪಿ ಗುಣಮಟ್ಟಕ್ಕೆ 1.1 ಎಂಬಿಪಿಎಸ್, 720ಪಿಗೆ 2.5, 1080ಪಿಗೆ 5 ಎಂಬಿಪಿಎಸ್ ಸಾಕು. 30 ಎಂಬಿಪಿಎಸ್ ಸಂಪರ್ಕ ಇರುವ ಮನೆಯಲ್ಲೂ ಒಂದು ವಿಡಿಯೊ ತಡವರಿಸುತ್ತಿದ್ದರೆ 100ಕ್ಕೆ ಏರಿಸಿದ ಮಾತ್ರಕ್ಕೆ ಅದು ಸರಿಯಾಗುವ ಸಂಭವ ಕಡಿಮೆ. ತೊಂದರೆ ಪ್ರಸಾರ ಮಾಡುವವರ ಕಡೆ ಇದೆಯೋ, ದಾರಿಯಲ್ಲಿದೆಯೋ, ಮೇಜಿನ ಮೇಲಿರುವ ಯಂತ್ರದಲ್ಲೇ ಇದೆಯೋ ಎಂಬುದು ಮೊದಲು ಗೊತ್ತಾಗಬೇಕು.

ಮೂಲವನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು. ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಪ್ರಸಾರವನ್ನು ತೆರೆಯಬೇಕು. ಅಲ್ಲಿಯೂ ನಿಂತಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಕಾಯಬೇಕಷ್ಟೆ. ಕರ್ನಾಟಕ ಹೈಕೋರ್ಟ್ ಕಲಾಪ ನೋಡುವ ಕಿರಿಯ ವಕೀಲರು ಮತ್ತು ಕಕ್ಷಿದಾರರು ಇದನ್ನು ನೆನಪಿಡಬೇಕು. ನ್ಯಾಯಪೀಠ ಊಟಕ್ಕೆ ಎದ್ದಾಗ ಪರದೆಯಲ್ಲಿ ಏನೂ ನಡೆಯುವುದಿಲ್ಲ. ನೇರಪ್ರಸಾರಕ್ಕೆಂದೇ ಹೈಕೋರ್ಟ್ ರೂಪಿಸಿದ ನಿಯಮಗಳ ಪ್ರಕಾರ ವೈವಾಹಿಕ ವ್ಯಾಜ್ಯ, ಪೋಕ್ಸೊ ಮುಂತಾದ ಪ್ರಕರಣಗಳ ವಿಚಾರಣೆ ಪ್ರಸಾರವಾಗುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ.

ಫೋನಿನಲ್ಲಿ ಸರಾಗವಾಗಿ ಬಂದು ಕಂಪ್ಯೂಟರಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಮುಂದಿನ ಹೆಜ್ಜೆ. ಯೂಟ್ಯೂಬ್ ವಿಡಿಯೊದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಪಟ್ಟಿಯ ಕೊನೆಯಲ್ಲಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂದಿರುತ್ತದೆ. ಹೆಸರು ನೋಡಿ ಹೆದರುವ ಅಗತ್ಯವಿಲ್ಲ. ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ ನೋಡಬೇಕಾದ ಸಾಲು ಎರಡೇ. 'ಬಫರ್ ಹೆಲ್ತ್' ಎಂಬುದು ಇನ್ನೂ ತೋರಿಸದೆ ಕೂಡಿಟ್ಟುಕೊಂಡಿರುವ ವಿಡಿಯೊ ಎಷ್ಟು ಸೆಕೆಂಡಿನದು ಎಂದು ಹೇಳುತ್ತದೆ. 'ಫ್ರೇಮ್ಸ್' ಸಾಲಿನಲ್ಲಿ 'ಡ್ರಾಪ್ಡ್' ಎಂಬ ಪದದ ಹಿಂದಿರುವ ಸಂಖ್ಯೆ, ಬಂದು ತಲುಪಿದರೂ ತೋರಿಸಲಾಗದೆ ಕೈಬಿಟ್ಟ ಚಿತ್ರಗಳ ಲೆಕ್ಕ. ಈ ಪೆಟ್ಟಿಗೆಯನ್ನು ಐದು ನಿಮಿಷ ತೆರೆದಿಟ್ಟು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಬಫರ್ ಸೊನ್ನೆಗೆ ಇಳಿದಾಗಲೆಲ್ಲ ವಿಡಿಯೊ ನಿಲ್ಲುತ್ತಿದ್ದರೆ ತೊಂದರೆ ದಾರಿಯದು. ರೂಟರ್‌ನಿಂದ ಕಂಪ್ಯೂಟರಿಗೆ ನೇರವಾಗಿ ಲ್ಯಾನ್ ಕೇಬಲ್ ಸಿಕ್ಕಿಸಿ ನೋಡಬೇಕು. ಆಗ ಸರಿಹೋದರೆ ದೋಷ ವೈಫೈಯಲ್ಲಿದೆ. ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಅಕ್ಕಪಕ್ಕದ ಮನೆಗಳ ಸಿಗ್ನಲ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ, 5 ಗಿಗಾಹರ್ಟ್ಸ್ ವೇಗವಾದರೂ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಸ್ಪೀಡ್ ಟೆಸ್ಟ್ ಮಾಡುವುದಾದರೆ ವಿಡಿಯೊ ನಿಲ್ಲುವ ಹೊತ್ತಿನಲ್ಲಿ, ವಿಡಿಯೊ ನೋಡುವ ಕಂಪ್ಯೂಟರಿನಲ್ಲೇ ಮಾಡಬೇಕು. ರೂಟರ್ ಪಕ್ಕ ನಿಂತು ಫೋನಿನಲ್ಲಿ ಮಾಡಿದ ಟೆಸ್ಟ್ ಮಲಗುವ ಕೋಣೆಯ ಲ್ಯಾಪ್‌ಟಾಪ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ಇಳಿಯುತ್ತಿದೆಯೇ, ಯಾರದಾದರೂ ಫೋನ್ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿದೆಯೇ ಎಂದೂ ನೋಡಬೇಕು. ಅಪ್‌ಲೋಡ್ ತುಂಬಿಕೊಂಡರೆ ಡೌನ್‌ಲೋಡ್ ಕೂಡ ಕುಂಟುತ್ತದೆ.

ಈಗ ಅತಿ ಹೆಚ್ಚು ಜನ ಎಡವುವ ಜಾಗ. ಬಫರ್ ಹತ್ತು ಸೆಕೆಂಡಿಗೂ ಹೆಚ್ಚಿದೆ, ಕೈಬಿಟ್ಟ ಚಿತ್ರಗಳ ಸಂಖ್ಯೆ ಮಾತ್ರ ಒಂದೇ ಸಮನೆ ಏರುತ್ತಿದೆ ಎಂದುಕೊಳ್ಳೋಣ. ಇಂಟರ್ನೆಟ್ ತನ್ನ ಕೆಲಸ ಮಾಡಿದೆ, ಬಂದ ವಿಡಿಯೊವನ್ನು ಬಿಡಿಸಲು ಕಂಪ್ಯೂಟರಿಗೆ ಶಕ್ತಿ ಸಾಲುತ್ತಿಲ್ಲ ಎಂದರ್ಥ. ಇಂಥ ಮನೆಗೆ ಎಷ್ಟು ದೊಡ್ಡ ಪ್ಲಾನ್ ತಂದರೂ ದುಡ್ಡು ದಂಡ.

ವಿಡಿಯೊ ಬರುವುದು ಬಿಗಿಯಾಗಿ ಕುಗ್ಗಿಸಿದ ರೂಪದಲ್ಲಿ. ಅದನ್ನು ಮತ್ತೆ ಚಿತ್ರವಾಗಿ ಬಿಡಿಸುವ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಇರುತ್ತದೆ. ಅದು ಕೆಲಸ ಮಾಡದಿದ್ದರೆ ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಚಿತ್ರ ತಡವರಿಸುತ್ತದೆ. ಹೀಗೆ ಕುಗ್ಗಿಸಲು ಯೂಟ್ಯೂಬ್ ಬಳಸುವ ವಿಪಿ9 ವಿಧಾನವನ್ನು ಚಿಪ್‌ನಲ್ಲೇ ಪೂರ್ತಿಯಾಗಿ ಬಿಡಿಸುವ ಸೌಲಭ್ಯ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಂದದ್ದು 7ನೇ ಪೀಳಿಗೆಯಿಂದ, ಎವಿ1 ವಿಧಾನಕ್ಕೆ 11ನೇ ಪೀಳಿಗೆಯಿಂದ. ಪ್ರೊಸೆಸರ್ ಹೆಸರು ಐ5-5200ಯು ಎಂದಿದ್ದರೆ ಅಡ್ಡಗೆರೆಯ ನಂತರದ 5 ಎಂಬ ಅಂಕಿಯೇ ಪೀಳಿಗೆ. ಅಂಥ ಯಂತ್ರಕ್ಕೆ 1080ಪಿ ಕ್ರಿಕೆಟ್ ಪಂದ್ಯ ನಿಜಕ್ಕೂ ಭಾರ.

ಹೊರೆ ಯಾವುದರ ಮೇಲೆ ಬಿದ್ದಿದೆ ಎಂಬುದನ್ನು ಕಣ್ಣಾರೆ ಕಾಣಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್', ಅದರೊಳಗೆ 'ಜಿಪಿಯು'. ವಿಡಿಯೊ ಓಡುತ್ತಿರುವಾಗ 'ವಿಡಿಯೊ ಡಿಕೋಡ್' ಎಂಬ ರೇಖೆ ಸೊನ್ನೆಯಲ್ಲೇ ಮಲಗಿದ್ದು, ಸಿಪಿಯು ಶೇ 90 ದಾಟಿದ್ದರೆ ಗ್ರಾಫಿಕ್ಸ್ ಚಿಪ್ ಕೈಕಟ್ಟಿ ಕೂತಿದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಮ್' ವಿಭಾಗಕ್ಕೆ ಹೋಗಿ ಗ್ರಾಫಿಕ್ಸ್ ಆಕ್ಸೆಲರೇಷನ್ ಗುಂಡಿಯನ್ನು ಆನ್ ಮಾಡಿ, ಬ್ರೌಸರನ್ನು ಮುಚ್ಚಿ ತೆರೆಯಬೇಕು. ಮೊದಲೇ ಆನ್ ಇದ್ದೂ ಚಿತ್ರ ಹಸಿರಾಗಿಯೋ ಕಪ್ಪಾಗಿಯೋ ಕಾಣುತ್ತಿದ್ದರೆ ಅದೇ ಗುಂಡಿಯನ್ನು ಆಫ್ ಮಾಡಿ ನೋಡಬೇಕು. ಆಫ್ ಮಾಡಿದಾಗ ಸರಿಹೋದರೆ ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿರಬಹುದು. ವಿಂಡೋಸ್ ಅಪ್‌ಡೇಟ್‌ನಿಂದ ಅಥವಾ ತಯಾರಕರ ಸ್ವಂತ ತಾಣದಿಂದ ಮಾತ್ರ ಹೊಸದನ್ನು ಹಾಕಿಕೊಳ್ಳಬೇಕು.

ಅಷ್ಟಾದರೂ ಆಗದಿದ್ದರೆ ಗುಣಮಟ್ಟ ಇಳಿಸುವುದೇ ಜಾಣತನ. ಇದರಲ್ಲಿ ನಷ್ಟವೂ ಇಲ್ಲ: ಹಳೆಯ ಲ್ಯಾಪ್‌ಟಾಪ್‌ಗಳ ಪರದೆ ಹೆಚ್ಚಾಗಿ 1366 × 768 ಚುಕ್ಕಿಗಳದು, ಅದರ ಮೇಲೆ 1080ಪಿ ಆರಿಸಿದರೂ ಕಣ್ಣಿಗೆ ಕಾಣುವುದು 720ಪಿಯಷ್ಟೇ. ಗುಣಮಟ್ಟದ ಸಂಖ್ಯೆಯ ಪಕ್ಕದಲ್ಲಿ 60 ಎಂದಿದ್ದರೆ ಸೆಕೆಂಡಿಗೆ 30ರ ಬದಲು 60 ಚಿತ್ರ ಬಿಡಿಸಬೇಕು, ಕೆಲಸ ಇಮ್ಮಡಿಯಾಗುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ ಬಿಸಿಗೆ ಪ್ರೊಸೆಸರ್ ತಾನಾಗಿಯೇ ನಿಧಾನವಾಗುತ್ತದೆ. ಚಾರ್ಜರ್ ಸಿಕ್ಕಿಸದೆ ನೋಡುವಾಗ ಕ್ರೋಮ್‌ನ 'ಎನರ್ಜಿ ಸೇವರ್' ಕೂಡ ವಿಡಿಯೊದ ಓಟವನ್ನು ತಗ್ಗಿಸಬಹುದು.

ನೇರಪ್ರಸಾರಕ್ಕೇ ಸೇರಿದ ಉಪಾಯವೊಂದಿದೆ. ಸಿನಿಮಾವಾದರೆ ಮುಂದಿನ ಭಾಗವನ್ನು ಬೇಕಾದಷ್ಟು ಮೊದಲೇ ತರಿಸಿಕೊಳ್ಳಬಹುದು, ನೇರಪ್ರಸಾರದಲ್ಲಿ ಇನ್ನೂ ನಡೆಯದಿರುವುದನ್ನು ತರಿಸಲಾಗದು. 'ಲೈವ್' ಎಂಬ ಪದದ ಪಕ್ಕದ ಚುಕ್ಕಿ ಕೆಂಪಾಗಿದ್ದರೆ ನೋಡುಗರು ಪ್ರಸಾರದ ತುದಿಯಲ್ಲೇ ಇದ್ದಾರೆ, ಕೂಡಿಟ್ಟ ಬಫರ್ ತೀರಾ ಕಡಿಮೆ. ಸಂಪರ್ಕ ಆಗಾಗ ಕಡಿಯುವ ಊರುಗಳಲ್ಲಿ ವಿಡಿಯೊವನ್ನು ಬೇಕೆಂದೇ ಒಂದು ನಿಮಿಷ ಹಿಂದಕ್ಕೆ ಎಳೆದು ನೋಡುವುದು ಒಳ್ಳೆಯದು. ಚುಕ್ಕಿ ಬೂದು ಬಣ್ಣಕ್ಕೆ ತಿರುಗುತ್ತದೆ, ಬಫರ್ ತುಂಬುತ್ತದೆ, ಸಣ್ಣಪುಟ್ಟ ಕಡಿತಗಳು ಗೊತ್ತೇ ಆಗುವುದಿಲ್ಲ. ದಸರಾ ಮೆರವಣಿಗೆಯನ್ನು ಒಂದು ನಿಮಿಷ ತಡವಾಗಿ, ಆದರೆ ತಡೆಯಿಲ್ಲದೆ ನೋಡುವುದೇ ಮೇಲು.

ಪುಟವೇ ತೆರೆಯದೆ ಭದ್ರತಾ ಎಚ್ಚರಿಕೆ ಬರುತ್ತಿದ್ದರೆ ಮೊದಲು ಗಡಿಯಾರ ನೋಡಬೇಕು. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲಿರುವ ಸಿಆರ್2032 ಬಟನ್ ಸೆಲ್ ಮುಗಿದರೆ, ಕರೆಂಟ್ ಹೋಗಿ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ತಾಣಗಳ ಭದ್ರತಾ ಪ್ರಮಾಣಪತ್ರದ ಅವಧಿ ತಾಳೆಯಾಗದೆ ಬ್ರೌಸರ್ ಬಾಗಿಲು ಹಾಕುತ್ತದೆ. ಸೆಲ್ ಬದಲಿಸಿ ದಿನಾಂಕ ಸರಿಪಡಿಸಿದರೆ ಮುಗಿಯಿತು. ವಿಂಡೋಸ್ 7ಕ್ಕೆ ಕ್ರೋಮ್ 109ರ ನಂತರದ ಆವೃತ್ತಿ ಬರುವುದಿಲ್ಲ, ಅಂಥ ಯಂತ್ರದಲ್ಲಿ ಕೆಲವು ಪ್ರಸಾರಗಳು ತೆರೆಯದಿರಬಹುದು.

ಒಂದು ಎಚ್ಚರಿಕೆ. 'ಪ್ಲೇಯರ್ ಅಪ್‌ಡೇಟ್ ಮಾಡಿ' ಎಂದು ಕೇಳುವ ಪುಟವನ್ನು ತಕ್ಷಣ ಮುಚ್ಚಬೇಕು. ಅಡೋಬಿ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೇ ಮುಗಿದಿದೆ, ಇಂದು ಅದರ ಹೆಸರಿನಲ್ಲಿ ಬರುವುದೆಲ್ಲ ಮೋಸ. ಹುಡುಕಾಟದಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಕರೆ ಮಾಡಿ, ಅವರು ಹೇಳಿದ ರಿಮೋಟ್ ಆ್ಯಪ್ ಹಾಕಿಕೊಳ್ಳುವುದೂ ಬೇಡ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಚಿತ್ರವಿದ್ದು ದನಿ ಇಲ್ಲವೆಂದರೆ ಟ್ಯಾಬ್ ಮ್ಯೂಟ್ ಆಗಿದೆಯೇ ನೋಡಬೇಕು. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿ.ವಿ.ಗೆ ಜೋಡಿಸಿದ್ದರೆ ಗಡಿಯಾರದ ಪಕ್ಕದ ಸ್ಪೀಕರ್ ಚಿಹ್ನೆ ಒತ್ತಿ, ದನಿ ಎಲ್ಲಿಗೆ ಹೋಗಬೇಕೆಂಬುದನ್ನು ಆರಿಸಿದರಾಯಿತು.