ಮ್ಯಾಂಚೆಸ್ಟರ್‌ಗೆ ಯಾರು? ಸಂಖ್ಯಾಶಾಸ್ತ್ರ ತರಗತಿಯ ಒಂದು ಚರ್ಚೆ

ಜುಲೈ 18, ಶುಕ್ರವಾರ. ಜುಮಾ ಇರುವುದರಿಂದ ಆ ದಿನ ಮಧ್ಯಾಹ್ನದ ಮೊದಲಿನ ಅವಧಿ ಮೂವತ್ತೇ ನಿಮಿಷ. ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗಕ್ಕೆ ನಾನು ಹೋದಾಗ ಕರಿಹಲಗೆಯ ಮೇಲೆ ಆಗಲೇ ಎರಡು ಹೆಸರುಗಳಿದ್ದವು. ಎಡಕ್ಕೆ ಕರುಣ್, ಬಲಕ್ಕೆ ಸಾಯಿ. ಕೆಳಗೆ ಮತಗಳ ಲೆಕ್ಕ. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಿದ್ದರು. ಪ್ರೌಢಶಾಲೆಯ ತಾಳೆ ಗುರುತಿನ ಪಾಠ ಅಷ್ಟಾದರೂ ಉಳಿದಿದೆಯಲ್ಲ ಎಂದು ನನಗೆ ಸಮಾಧಾನವಾಯಿತು.

ಹಿನ್ನೆಲೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದೇ ಸೋಮವಾರ ಭಾರತ ತಂಡ ಲಾರ್ಡ್ಸ್‌ನಲ್ಲಿ 193 ರನ್ ಬೆನ್ನಟ್ಟಿ 170ಕ್ಕೆ ಆಲೌಟಾಗಿ, 22 ರನ್‌ಗಳಿಂದ ಸೋತಿತ್ತು. ಐದು ಟೆಸ್ಟ್‌ಗಳ ಸರಣಿಯಲ್ಲಿ ಇಂಗ್ಲೆಂಡ್ 2–1ರಿಂದ ಮುಂದಿತ್ತು. ನಾಲ್ಕನೇ ಟೆಸ್ಟ್ 23ರಿಂದ ಮ್ಯಾಂಚೆಸ್ಟರ್‌ನಲ್ಲಿ. ಮೂರನೇ ಕ್ರಮಾಂಕದಲ್ಲಿ ಆಡುತ್ತಿದ್ದ ನಮ್ಮ ಕರ್ನಾಟಕದ ಕರುಣ್ ನಾಯರ್ ಲಾರ್ಡ್ಸ್‌ನ ಎರಡನೇ ಇನ್ನಿಂಗ್ಸ್‌ನಲ್ಲಿ ಒಳಬಂದ ಚೆಂಡನ್ನು ಆಡದೆ ಬಿಟ್ಟು, 14ಕ್ಕೆ ಎಲ್‌ಬಿಡಬ್ಲ್ಯು ಆಗಿದ್ದರು. ಅವರನ್ನು ಉಳಿಸಬೇಕೇ, ಅಥವಾ ಮೊದಲ ಟೆಸ್ಟ್ ಆಡಿಸಿ ಕೂರಿಸಿದ್ದ ತಮಿಳುನಾಡಿನ ಸಾಯಿ ಸುದರ್ಶನ್‌ರನ್ನು ತರಬೇಕೇ?

"ಕರುಣ್‌ಗೆ ಎಷ್ಟು ಚಾನ್ಸ್ ಕೊಡುದು ಮಾರಾಯ? ಆರು ಇನ್ನಿಂಗ್ಸ್ ಆಯ್ತು" ಎಂದು ಹಿಂದಿನ ಬೆಂಚಿನ ಒಬ್ಬ. "ಎಂಟು ವರ್ಷ ಕಾದವನಿಗೆ ಮೂರು ಮ್ಯಾಚಾ?" ಎಂದು ಇನ್ನೊಬ್ಬ. ಹುಡುಗಿಯರ ಸಾಲಿನಿಂದ ಒಬ್ಬಳು, "ಸಾಯಿಗೆ ಒಂದೇ ಮ್ಯಾಚ್ ಕೊಟ್ಟದ್ದಲ್ವಾ ಸರ್, ಅದು ನ್ಯಾಯವಾ?" ಎಂದು ಕೇಳಿದಳು. ಆ ದಿನ ಮಾಡಬೇಕಿದ್ದ ಸೂಚ್ಯಂಕದ ಪಾಠವನ್ನು ಮುಂದಕ್ಕೆ ಹಾಕಿದೆ. ಪ್ರಾಂಶುಪಾಲರು ಇದನ್ನು ಓದುವುದಾದರೆ, ಆ ಪಾಠ ಮುಂದಿನ ವಾರವೇ ಮುಗಿದಿದೆ.

ಮೊದಲು ಅಂಕಿಗಳನ್ನು ಬರೆಯಿಸಿದೆ. ಕರುಣ್: 0, 20, 31, 26, 40, 14. ಒಟ್ಟು 131, ಸರಾಸರಿ 21.83. ಸಾಯಿ: 0, 30. ಒಟ್ಟು 30, ಸರಾಸರಿ 15. "ಹಾಗಾದ್ರೆ ಕರುಣೇ ಮೇಲೆ" ಎಂದು ಎಡಪಕ್ಷ ಚಪ್ಪಾಳೆ ತಟ್ಟಿತು.

ಈಗ ಒಂದು ಸಣ್ಣ ಪರೀಕ್ಷೆ ಮಾಡೋಣ ಎಂದೆ. ಇಬ್ಬರಿಗೂ ಇನ್ನೊಂದೊಂದು ಇನ್ನಿಂಗ್ಸ್ ಕೊಡಿ. ಇಬ್ಬರೂ ಸೊನ್ನೆಗೆ ಔಟಾದರೆ ಕರುಣ್ ಸರಾಸರಿ 18.7ಕ್ಕೆ ಇಳಿಯುತ್ತದೆ, ಸಾಯಿಯದು 10ಕ್ಕೆ. ಇಬ್ಬರೂ 60 ಹೊಡೆದರೆ ಕರುಣ್ 27.3ಕ್ಕೆ ಏರುತ್ತಾರೆ, ಸಾಯಿ 30ಕ್ಕೆ. ಒಂದೇ ಒಂದು ಇನ್ನಿಂಗ್ಸ್‌ನಿಂದ ಒಬ್ಬರ ಸರಾಸರಿ ಹತ್ತರಿಂದ ಮೂವತ್ತರವರೆಗೆ ಎಲ್ಲಿಗೆ ಬೇಕಾದರೂ ಹೋಗಬಹುದಾದರೆ, ಆ 15 ಎಂಬ ಸಂಖ್ಯೆ ಆಟಗಾರನ ಬಗ್ಗೆ ನಮಗೆ ಏನು ಹೇಳಿದಂತಾಯಿತು? ಹೆಚ್ಚೇನೂ ಇಲ್ಲ. ಕರುಣ್‌ರ 21.83 ಅದಕ್ಕಿಂತ ಸ್ವಲ್ಪ ಗಟ್ಟಿ, ಆದರೆ ಸ್ವಲ್ಪ ಮಾತ್ರ. ಪಠ್ಯದಲ್ಲಿ ಮಾದರಿಯ ಗಾತ್ರ ಎಂದು ಓದುತ್ತೀರಲ್ಲ, ಅದು ಇದೇ. ಪುಸ್ತಕದಲ್ಲಿ ಅದು ಒಂದು ಅಕ್ಷರವಾಗಿ ಕೂತಿರುತ್ತದೆ. ಇಲ್ಲಿ ಅದರ ಮೇಲೆ ಒಬ್ಬರ ವೃತ್ತಿಜೀವನ ನಿಂತಿದೆ.

ಕರುಣ್ ವಿಷಯದಲ್ಲಿ ಸರಾಸರಿ ಮೋಸ ಮಾಡಿದ್ದು ಇದೇ ಮೊದಲಲ್ಲ. ಇದು ನನಗೆ ತುಂಬ ಇಷ್ಟವಾದ ಉದಾಹರಣೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2016ರ ನವೆಂಬರ್‌ನಲ್ಲಿ ಮೊಹಾಲಿಯಲ್ಲಿ ಅವರು ಟೆಸ್ಟ್‌ಗೆ ಬಂದರು. ರನೌಟಾಗಿ 4. ಮುಂಬೈಯಲ್ಲಿ 13. ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಅದೇ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ನಂತರ ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಎರಡನೇ ಭಾರತೀಯ. ಅದೇ ಇನ್ನಿಂಗ್ಸ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ 199ಕ್ಕೆ ಔಟಾದರು, ಭಾರತ 7 ವಿಕೆಟ್‌ಗೆ 759 ಎಂದು ಡಿಕ್ಲೇರ್ ಮಾಡಿತು. ಮುಂದಿನ ಟೆಸ್ಟ್ 2017ರ ಫೆಬ್ರವರಿಯಲ್ಲಿ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ವಿರುದ್ಧ. ಆ ಹನ್ನೊಂದರಲ್ಲಿ ಕರುಣ್ ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ್ದರು. ಒಂದು ಪಂದ್ಯದ ಆಟ ಇನ್ನೊಬ್ಬರ ಎರಡು ವರ್ಷದ ಶ್ರಮವನ್ನು ಬದಿಗೆ ಸರಿಸಲಾಗದು ಎಂಬರ್ಥದಲ್ಲಿ ನಾಯಕ ಕೊಹ್ಲಿ ಅಂದು ಕಾರಣ ಕೊಟ್ಟರು. ರಹಾನೆ ಆ ಟೆಸ್ಟ್‌ನಲ್ಲಿ 82 ಹೊಡೆದರು.

ಆಮೇಲೆ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಅಲ್ಲಿಗೆ ಮುಗಿಯಿತು. ಏಳು ಇನ್ನಿಂಗ್ಸ್: 4, 13, 303, 26, 0, 23, 5. ಒಟ್ಟು 374.

ಕ್ರಿಕೆಟ್‌ನಲ್ಲಿ ಸರಾಸರಿಯನ್ನು ಇನ್ನಿಂಗ್ಸ್‌ಗಳಿಂದ ಭಾಗಿಸುವುದಿಲ್ಲ, ಔಟಾದ ಸಲಗಳಿಂದ ಭಾಗಿಸುತ್ತಾರೆ. 303 ಅಜೇಯವಾದ್ದರಿಂದ ಆರರಿಂದ ಭಾಗಿಸಿ: 62.33. ಟೆಸ್ಟ್‌ನಲ್ಲಿ 50 ದಾಟಿದ ಸರಾಸರಿ ಎಂದರೆ ದೊಡ್ಡ ಆಟಗಾರ ಎಂದು ಲೆಕ್ಕ. "ಅರವತ್ತೆರಡು ಸರಾಸರಿಯವನನ್ನು ಕೈಬಿಟ್ಟರು" ಎಂಬ ಮಾತನ್ನು ನಾವೆಲ್ಲ ಎಷ್ಟು ವರ್ಷ ಆಡಿದ್ದೇವೆ! ನಾನೂ ಆಡಿದ್ದೇನೆ.

ಈಗ ಅದೇ ಏಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ: 0, 4, 5, 13, 23, 26, 303. ನಡುವಿನದು, ಅಂದರೆ ಮಧ್ಯಾಂಕ, 13. ಒಬ್ಬನೇ ಆಟಗಾರ, ಅವೇ ಏಳು ಇನ್ನಿಂಗ್ಸ್. ಒಂದು ಅಳತೆ 62 ಎನ್ನುತ್ತದೆ, ಇನ್ನೊಂದು 13 ಎನ್ನುತ್ತದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಎರಡೂ ಲೆಕ್ಕ ಸರಿಯೇ. ಗುಂಪಿನಿಂದ ಬಹಳ ದೂರ ನಿಂತ ಒಂದು ಸಂಖ್ಯೆ ಸರಾಸರಿಯನ್ನು ತನ್ನತ್ತ ಎಳೆದುಕೊಂಡು ಹೋಗುತ್ತದೆ, ಮಧ್ಯಾಂಕ ಅದಕ್ಕೆ ಜಗ್ಗುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ಇದನ್ನು ಒಂದು ವಾಕ್ಯದಲ್ಲಿ ಬರೆದು ಎರಡು ಅಂಕ ತೆಗೆದುಕೊಂಡಿರುತ್ತೀರಿ.

ಔಟಾದ ಸಲಗಳಿಂದ ಭಾಗಿಸುವ ಪದ್ಧತಿ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೂ ಅವರೇ ಉದಾಹರಣೆ. ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡು 2023ರಲ್ಲಿ ವಿದರ್ಭಕ್ಕೆ ಹೋದವರು, 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎಂಟು ಇನ್ನಿಂಗ್ಸ್‌ಗಳಲ್ಲಿ ಐದು ಶತಕ ಸೇರಿ 779 ರನ್ ಹೊಡೆದರು. ಔಟಾದದ್ದು ಎರಡೇ ಸಲ. ಸರಾಸರಿ 389.5! ಯಾವ ಇನ್ನಿಂಗ್ಸ್‌ನಲ್ಲೂ ಅವರು ಇನ್ನೂರನ್ನೂ ಮುಟ್ಟಿರಲಿಲ್ಲ. ಇನ್ನಿಂಗ್ಸ್‌ಗಳಿಂದ ಭಾಗಿಸಿದರೆ 97 ಮತ್ತು ಚಿಲ್ಲರೆ. ಅದೂ ಅಸಾಧಾರಣವೇ. ಫೈನಲ್‌ನಲ್ಲಿ ಎದುರಾಳಿ ಕರ್ನಾಟಕ, ಗೆದ್ದದ್ದೂ ಕರ್ನಾಟಕ. ಆ ದಿನ ಯಾರಿಗೆ ಚಪ್ಪಾಳೆ ತಟ್ಟಬೇಕು ಎಂದು ನನಗೆ ಗೊಂದಲವಾದದ್ದು ನಿಜ. ಅದೇ ಋತುವಿನ ರಣಜಿಯಲ್ಲಿ 863 ರನ್, ಕೇರಳ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135. ಇಂಗ್ಲೆಂಡ್‌ಗೆ ಹೋದ ಮೇಲೆ ಕ್ಯಾಂಟರ್‌ಬರಿಯಲ್ಲಿ ಭಾರತ 'ಎ' ಪರ 204. ಹೀಗೆ ಅವರು ಮರಳಿ ಟೆಸ್ಟ್ ತಂಡಕ್ಕೆ ಬಂದರು.

ಇಷ್ಟಾದ ಮೇಲೆ ನಾನು ಇನ್ನೊಮ್ಮೆ ಕೇಳಿದೆ: ಮ್ಯಾಂಚೆಸ್ಟರ್‌ಗೆ ಯಾರು? ಈ ಸಲ ಕೂಗಾಟ ಕಡಿಮೆಯಾಯಿತು, ಕಾರಣಗಳು ಬಂದವು. ಆರರಲ್ಲಿ ಐದು ಬಾರಿ ಎರಡಂಕಿ ದಾಟಿದ್ದಾರೆ, ಲಯದಲ್ಲಿದ್ದಾರೆ ಎಂದು ಒಬ್ಬಳು. ಅದೇ ಅಂಕಿಗಳನ್ನು ಹಿಡಿದು, ಆರಂಭ ಸಿಕ್ಕಿಯೂ ಒಂದು ಐವತ್ತಿಲ್ಲ, ಮೂರನೇ ಕ್ರಮಾಂಕಕ್ಕೆ ಅದು ಸಾಲದು ಎಂದು ಪಕ್ಕದವಳು. ಕರುಣ್‌ಗೆ 33, ಸಾಯಿಗೆ 23, ಮುಂದಿನ ಹತ್ತು ವರ್ಷ ಯಾರಿಗೆ ಎಂದು ಮತ್ತೊಬ್ಬ. ಸಾಯಿ ಈ ವರ್ಷದ ಐಪಿಎಲ್‌ನಲ್ಲಿ 759 ರನ್ ಹೊಡೆದದ್ದನ್ನು ಒಬ್ಬ ಎತ್ತಿದಾಗ, "ಅದು ಇಪ್ಪತ್ತು ಓವರಿನ ಆಟ, ಕೆಂಪು ಚೆಂಡಿಗೆ ಅದರ ಲೆಕ್ಕ ಯಾಕೆ" ಎಂದು ನಾಲ್ಕು ಜನ ಮೈಮೇಲೆ ಬಿದ್ದರು.

ಆಗ ನನಗೂ ಸ್ಪಷ್ಟವಾದದ್ದು, ಇವರು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಿಲ್ಲ ಎಂಬುದು. "ಎಂಟು ವರ್ಷ ಕಾದವನು" ಎನ್ನುವವನು ಕೇಳುತ್ತಿರುವುದು ಯಾರಿಗೆ ಹಕ್ಕಿದೆ ಎಂದು. "ಐವತ್ತಿಲ್ಲ" ಎನ್ನುವವಳು ಕೇಳುತ್ತಿರುವುದು ಮುಂದಿನ ಬುಧವಾರ ಯಾರು ಹೆಚ್ಚು ರನ್ ಹೊಡೆದಾರು ಎಂದು. ವಯಸ್ಸು ಹೇಳಿದವನ ಮನಸ್ಸಿನಲ್ಲಿದ್ದದ್ದು 2030ರ ತಂಡ. ಹೊಡೆದ ರನ್ನಿಗೆ ಬಹುಮಾನ ಕೊಡುವುದು ಬೇರೆ, ಹೊಡೆಯಲಿರುವ ರನ್ನನ್ನು ಊಹಿಸುವುದು ಬೇರೆ. ಆಯ್ಕೆ ಎಂಬುದು ಎರಡನೆಯದು ಎಂದು ನನ್ನ ಅಭಿಪ್ರಾಯ, ಆದರೆ ಮೊದಲನೆಯದನ್ನು ಪೂರ್ತಿ ಮರೆತ ತಂಡದಲ್ಲಿ ಯಾರೂ ನೆಮ್ಮದಿಯಿಂದ ಆಡಲಾರರು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಕರುಣ್ ಮೊದಲಿನಿಂದ ತಂಡದ ಜೊತೆಗಿದ್ದರು. ಕೊನೆಯ ಎರಡು ಟೆಸ್ಟ್‌ಗಳಿಗೆಂದು ಬಂದ ಹನುಮ ವಿಹಾರಿ ಓವಲ್‌ನಲ್ಲಿ ಆಡಿದರು, ಇವರು ಬೆಂಚಿನಲ್ಲೇ ಉಳಿದರು. ವಿಹಾರಿ 56 ಹೊಡೆದು ಊಹೆಯನ್ನು ಸರಿಯೆನಿಸಿದರು. ಆದರೂ ಆ ಐದು ಟೆಸ್ಟ್‌ಗಳ ಕಾಲ ಪ್ಯಾಡ್ ಕಟ್ಟದೆ ಕೂತವರ ಲೆಕ್ಕ ಯಾವ ಕೋಷ್ಟಕದಲ್ಲೂ ಬರುವುದಿಲ್ಲ.

ಇಲ್ಲಿಗೆ ಪಾಠ ಚೆನ್ನಾಗಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಕಿಟಕಿಯ ಪಕ್ಕದ ಒಬ್ಬ ಹುಡುಗ ಎದ್ದು ನಿಂತ. "ಸರ್, ಎರಡು ಇನ್ನಿಂಗ್ಸ್‌ನಲ್ಲಿ ಏನೂ ಹೇಳ್ಲಿಕ್ಕೆ ಆಗುದಿಲ್ಲ ಅಂದ್ರಲ್ಲ?"

"ಹೌದು."

"ಕಳೆದ ವರ್ಷ ನನ್ನನ್ನು ಎರಡೇ ಇನ್ನಿಂಗ್ಸ್ ನೋಡಿ ತೆಗೆದದ್ದಲ್ವಾ?"

ಕಾಲೇಜಿನ ಕ್ರಿಕೆಟ್ ತಂಡ ಆರಿಸುವ ಮೂವರಲ್ಲಿ ನಾನೂ ಒಬ್ಬ. ಕಳೆದ ವರ್ಷ ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ಮುನ್ನ ಎರಡು ಅಭ್ಯಾಸ ಪಂದ್ಯ ಇಟ್ಟಿದ್ದೆವು. ಇವನು 2 ಮತ್ತು 0. ಪಟ್ಟಿಯಿಂದ ಅವನ ಹೆಸರು ಹೊಡೆದದ್ದು ನಾನೇ, ಕಾರಣವನ್ನೂ ಹೇಳಿರಲಿಲ್ಲ. ಉಳಿದವರು ನಗಲು ಶುರುಮಾಡಿದರು, ಅವನು ನಗಲಿಲ್ಲ. "ನೀನು ಹೇಳುವುದು ಸರಿ" ಎಂದೆ. ಬೇರೆ ಉತ್ತರ ನನ್ನ ಬಳಿ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮ್ಯಾಂಚೆಸ್ಟರ್‌ನಲ್ಲಿ ಆಡಿದ್ದು ಸಾಯಿ. ಮೊದಲ ಇನ್ನಿಂಗ್ಸ್‌ನಲ್ಲಿ 61, ಭಾರತದ ಪರ ಅತಿ ಹೆಚ್ಚು. ಸರಾಸರಿ 15ರಿಂದ 30ಕ್ಕೆ ಜಿಗಿಯಿತು. ಬಲಪಕ್ಷದವರು ನನ್ನ ಮುಂದೆ ಎದೆಯುಬ್ಬಿಸಿ ನಡೆದರು. ಎರಡನೇ ಇನ್ನಿಂಗ್ಸ್‌ನಲ್ಲಿ ಮೊದಲ ಓವರ್‌ನಲ್ಲೇ 0. ಸರಾಸರಿ 22.75. ನಾವು ಕರಿಹಲಗೆಯ ಮೇಲೆ ಮಾಡಿದ್ದ ಲೆಕ್ಕವನ್ನು ಅವರು ನಾಲ್ಕೇ ದಿನದಲ್ಲಿ ಮೈದಾನದಲ್ಲಿ ಮಾಡಿ ತೋರಿಸಿದರು.

ಕೊನೆಯ ಟೆಸ್ಟ್‌ಗೆ ಓವಲ್‌ನಲ್ಲಿ ಕರುಣ್ ಮರಳಿದರು. ನಡುವೆ ಅವರು ಒಂದು ರನ್ನನ್ನೂ ಹೊಡೆದಿರಲಿಲ್ಲ, ಆಡಿರಲೇ ಇಲ್ಲ. ಶಾರ್ದೂಲ್ ಠಾಕೂರ್ ಬದಲು ಒಬ್ಬ ಬ್ಯಾಟರ್ ಬೇಕೆಂದು ತಂಡ ತೀರ್ಮಾನಿಸಿತು, ಅಷ್ಟೇ. ಹನ್ನೊಂದು ಜನರ ತಂಡದಲ್ಲಿ ಒಬ್ಬರ ಸ್ಥಾನ ಉಳಿದ ಹತ್ತು ಜನ ಯಾರು ಎಂಬುದರ ಮೇಲೂ ನಿಂತಿರುತ್ತದೆ, ಇದು ನಮ್ಮ ಚರ್ಚೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ. 224ರ ಮೊತ್ತದಲ್ಲಿ ಅವರದ್ದು 57, ಅತಿ ಹೆಚ್ಚು. ಎರಡನೆಯದರಲ್ಲಿ 17. ಭಾರತ 6 ರನ್‌ಗಳಿಂದ ಗೆದ್ದು ಸರಣಿ 2–2 ಆಯಿತು. ಸರಣಿಯಲ್ಲಿ ಕರುಣ್ ಎಂಟು ಇನ್ನಿಂಗ್ಸ್‌ಗಳಲ್ಲಿ 205, ಸರಾಸರಿ 25.6. ಸಾಯಿ ಆರರಲ್ಲಿ 140, ಸರಾಸರಿ 23.3. ವೆಸ್ಟ್ ಇಂಡೀಸ್ ವಿರುದ್ಧದ ತವರಿನ ಸರಣಿಗೆ ಸಾಯಿಯನ್ನು ಉಳಿಸಿಕೊಂಡು ಕರುಣ್‌ರನ್ನು ಬಿಟ್ಟರು. ಕರುಣ್‌ರಿಂದ ಇನ್ನಷ್ಟು ನಿರೀಕ್ಷಿಸಿದ್ದೆವು ಎಂದರು ಆಯ್ಕೆ ಸಮಿತಿ ಅಧ್ಯಕ್ಷ ಅಗರ್ಕರ್. ಸಾಯಿ ದೆಹಲಿಯಲ್ಲಿ 87 ಹೊಡೆದರು.

ನಮ್ಮ ತಂಡದ ವಿಷಯ. ಈ ವರ್ಷ ಅಭ್ಯಾಸ ಪಂದ್ಯಗಳನ್ನು ಐದಕ್ಕೆ ಏರಿಸಿದೆವು. ಕಿಟಕಿ ಪಕ್ಕದ ಹುಡುಗ 11, 4, 38, 0, 27. ಕೊನೆಯ ಸ್ಥಾನಕ್ಕೆ ಅವನೊಡನೆ ಪೈಪೋಟಿಯಲ್ಲಿದ್ದ ಹುಡುಗ ಐದರಲ್ಲೂ ಔಟಾಗಿ ಒಟ್ಟು 95, ಸರಾಸರಿ 19. ನಾನು ಇವನದನ್ನು 16 ಎಂದು ಬರೆದು, ಈ ಸಲ ಕಾರಣ ಹೇಳಲೇಬೇಕೆಂದು ಅವನನ್ನು ಕರೆದು ಸ್ಕೋರ್ ಪುಸ್ತಕ ತೋರಿಸಿದೆ. ಅವನು ನೋಡಿ, "ಸರ್, 38 ನಾಟೌಟ್" ಎಂದ. ನಾಲ್ಕರಿಂದ ಭಾಗಿಸಿದರೆ 20.

ಐದು ಇನ್ನಿಂಗ್ಸ್‌ಗಳಲ್ಲಿ 19ಕ್ಕೂ 20ಕ್ಕೂ ವ್ಯತ್ಯಾಸವೇ ಇಲ್ಲ ಎಂದು ಪಾಠ ಮಾಡಿದವನು ನಾನೇ. ಇನ್ನೊಬ್ಬ ಹುಡುಗ ವಿಕೆಟ್ ಕೀಪಿಂಗ್ ಮಾಡಬಲ್ಲ, ನಮ್ಮಲ್ಲಿ ಎರಡನೇ ಕೀಪರ್ ಇಲ್ಲ. ಅವನನ್ನೇ ತೆಗೆದುಕೊಂಡೆವು. ಇವನಿಗೆ ಅದನ್ನೇ ಹೇಳಿದೆ. "ಆಯ್ತು ಸರ್" ಎಂದು ಹೋದ. ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ಮರುದಿನ ಸಂಜೆ ಅವನು ಮೈದಾನದಲ್ಲಿ ಕೀಪಿಂಗ್ ಗ್ಲೌಸ್ ಹಾಕಿಕೊಂಡಿದ್ದ.

ನಿಮಗೆ ಒಂದು ಕೆಲಸ. ಕರುಣ್‌ರ ಎರಡೂ ಅವಧಿಯ ಹದಿನೈದು ಇನ್ನಿಂಗ್ಸ್‌ಗಳು ಈ ಲೇಖನದಲ್ಲೇ ಇವೆ. ಹೆಕ್ಕಿ ಬರೆದು ಸರಾಸರಿ ಮತ್ತು ಮಧ್ಯಾಂಕ ಕಂಡುಹಿಡಿಯಿರಿ. ಆಮೇಲೆ 303 ಅನ್ನು ತೆಗೆದು ಇನ್ನೊಮ್ಮೆ ಮಾಡಿ. ಕೊನೆಗೆ, ಹಾಗೆ 303 ಅನ್ನು ತೆಗೆಯಲು ನಿಮಗೆ ಹಕ್ಕಿದೆಯೇ ಎಂದು ಅರ್ಧ ಪುಟ ಬರೆಯಿರಿ; ಅವರು ನಿಜವಾಗಿ ಹೊಡೆದ ರನ್ ಅದು. ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲಿಟ್ಟರೆ ಸಾಕು. ಇದಕ್ಕೆ ಅಂಕವಿಲ್ಲ.