ಕಫವೆಂದರೆ ಉಗುಳಲ್ಲ

ಕ್ಷಯರೋಗ ಪತ್ತೆಯ ಕಾರ್ಯದಲ್ಲಿ ದಿನನಿತ್ಯ ಬಳಕೆಯಾಗುವ ‘ಕಫ’ ಎಂಬ ಪದಕ್ಕೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಆಯುರ್ವೇದದಲ್ಲಿ ಅದು ವಾತ, ಪಿತ್ತಗಳೊಡನೆ ಎಣಿಸುವ ತ್ರಿದೋಷಗಳಲ್ಲೊಂದು. ಮನೆಮಾತಿನಲ್ಲಿ ನೆಗಡಿಯಾದಾಗ ಗಂಟಲಲ್ಲಿ ಕಟ್ಟುವ ಲೋಳೆಯೂ ಕಫವೇ. ಪ್ರಯೋಗಾಲಯಕ್ಕೆ ಬೇಕಾಗಿರುವುದು ಇವೆರಡೂ ಅಲ್ಲ. ಶ್ವಾಸಕೋಶದ ಆಳದಿಂದ ಕೆಮ್ಮಿನೊಡನೆ ಮೇಲೆ ಬರುವ ಮಂದವಾದ ಲೋಳೆ. ಕೆಮ್ಮಿಗೆ ಇಂಗ್ಲಿಷಿನಲ್ಲಿರುವ ‘ಕಾಫ್’ ಎಂಬ ಪದವು ಕಿವಿಗೆ ಇದರಂತೆಯೇ ಕೇಳಿಸಿದರೂ ಎರಡಕ್ಕೂ ಸಂಬಂಧವಿಲ್ಲ. ಕೆಮ್ಮು ಕ್ರಿಯೆ, ಕಫ ಆ ಕ್ರಿಯೆಯಿಂದ ಹೊರಬೀಳುವ ವಸ್ತು.

ಈ ವ್ಯತ್ಯಾಸ ಕೇವಲ ಭಾಷೆಯದಲ್ಲ. ಡಬ್ಬಿಯನ್ನು ಕೈಗಿತ್ತು ‘ಕಫ ಕೊಡಿ’ ಎಂದಷ್ಟೇ ಹೇಳಿದರೆ, ಅನೇಕರು ಬಾಯಲ್ಲಿರುವ ಉಗುಳನ್ನೇ ತುಂಬಿ ಕೊಡುತ್ತಾರೆ. ರೋಗಾಣುವಿರುವುದು ಶ್ವಾಸಕೋಶದಲ್ಲಿ, ಪರೀಕ್ಷೆಯಾಗುವುದು ಎಂಜಲಿಗೆ. ಕಾಯಿಲೆಯಿದ್ದರೂ ‘ರೋಗಾಣು ಕಂಡುಬಂದಿಲ್ಲ’ ಎಂಬ ವರದಿ ಬರಬಹುದು. ಆ ವರದಿಯನ್ನು ನಂಬಿ ಮನೆಗೆ ಮರಳಿದವರು ಅದೇ ಕೋಣೆಯಲ್ಲಿ, ಮಕ್ಕಳು ಮುದುಕರ ನಡುವೆ ಕೆಮ್ಮುತ್ತಲೇ ಇರುತ್ತಾರೆ.

ಕ್ಯಾಕರಿಸುವುದರಿಂದಲೂ ಸರಿಯಾದ ಮಾದರಿ ದೊರೆಯದು. ಅದರಿಂದ ಬರುವುದು ಗಂಟಲಿನ ಲೋಳೆ ಮಾತ್ರ. ಮೊದಲು ನೀರಿನಿಂದ ಬಾಯಿ ಮುಕ್ಕಳಿಸಬೇಕು. ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ, ಬಂದದ್ದನ್ನು ನೇರವಾಗಿ ಡಬ್ಬಿಗೆ ಹಾಕಿ ಮುಚ್ಚಳವನ್ನು ಬಿಗಿಯಬೇಕು. ಸುಮಾರು 2ರಿಂದ 5 ಮಿಲಿಲೀಟರ್ ಸಾಕು. ರಾತ್ರಿಯಿಡೀ ಸಂಗ್ರಹವಾದ ಕಫ ಬೆಳಿಗ್ಗೆ ಎದ್ದೊಡನೆ ಸುಲಭವಾಗಿ ಬರುವುದರಿಂದ ಮುಂಜಾನೆಯ ಮಾದರಿಗೆ ವಿಶೇಷ ಬೆಲೆಯಿದೆ. ಇದನ್ನು ಗಾಳಿಯಾಡುವ ಬಯಲಿನಲ್ಲಿ, ಇತರರಿಂದ ದೂರದಲ್ಲಿ ಮಾಡಿಸತಕ್ಕದ್ದು. ಜನರೆದುರು ಕೆಮ್ಮಿ ಕಫ ತೆಗೆಯಲು ಹೆಣ್ಣುಮಕ್ಕಳು ಸಂಕೋಚಪಡುವುದು ಸಹಜ. ಸಾಲಿನಲ್ಲಿ ನಿಲ್ಲಿಸಿ ಅವಸರಪಡಿಸಿದಲ್ಲಿ ಸಿಗುವುದು ಉಗುಳೇ. ನೊರೆನೊರೆಯಾಗಿ, ನೀರಿನಂತೆ ತಿಳಿಯಾಗಿದ್ದರೆ ಮತ್ತೊಮ್ಮೆ ಪ್ರಯತ್ನಿಸುವಂತೆ ಸೌಮ್ಯವಾಗಿ ಕೋರುವುದು ಸೂಕ್ತ. ಆಶಾ ಕಾರ್ಯಕರ್ತೆಯರು ‘ಎದೆಯಿಂದ ಕೆಮ್ಮಿ ತೆಗೆದದ್ದು ಬೇಕು, ಬಾಯಿಯ ಉಗುಳು ಬೇಡ’ ಎಂದು ಬಿಡಿಸಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ದಿನ ಕೆಮ್ಮಿರುವ ಎಲ್ಲರನ್ನೂ ಪರೀಕ್ಷೆಗೆ ಕಳುಹಿಸತಕ್ಕದ್ದು. ಕಫದಲ್ಲಿ ರಕ್ತ ಕಂಡರೆ ಎರಡು ವಾರ ಕಾಯದೆ ಕೂಡಲೇ ವೈದ್ಯರ ಬಳಿಗೆ ಕಳುಹಿಸಬೇಕು. ಒಣಕೆಮ್ಮಿನವರಿಗೆ, ಚಿಕ್ಕ ಮಕ್ಕಳಿಗೆ ಕಫವೇ ಬಾರದಿರಬಹುದು. ವಹಿಯಲ್ಲಿ ‘ಕಫ ಇಲ್ಲ’ ಎಂದು ಬರೆದದ್ದು ‘ರೋಗ ಇಲ್ಲ’ ಎಂದಾಗುವುದಿಲ್ಲ; ಅಂಥವರನ್ನು ಎದೆಯ ಎಕ್ಸ್‌-ರೇ ಹಾಗೂ ವೈದ್ಯರ ತಪಾಸಣೆಗೆ ಕಳುಹಿಸಬೇಕು.