ಹೊಗೆಸೊಪ್ಪಿನ ವಾಸನೆಯ ಲಕೋಟೆ

ಮಗಾ,

ಮೊದಲ ಸಂಬಳ ಬಂದ ಸುದ್ದಿ ಹೇಳಿದ ಬೆನ್ನಿಗೇ ನೀನೊಂದು ಮಾತು ಸೇರಿಸಿದೆ: “ಚರ್ಚಿಗೆ ತಿಂಗಳು ತಿಂಗಳು ಯಾಕೆ ಅಜ್ಜ, ಬೆಳೆ ಹಬ್ಬಕ್ಕೆ ಬಂದಾಗ ಏಲಂನಲ್ಲಿ ಒಟ್ಟಿಗೆ ಕೊಡ್ತೇನೆ.” ಫೋನಿನಲ್ಲಿ ಹೂಂ ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ, ಹಾಗೆ ಅನ್ನಬಾರದಿತ್ತು ಅನ್ನಿಸಿತು.

ಏಲಂನ ಗಮ್ಮತ್ತು ನನಗೂ ಗೊತ್ತು. ಬಾಳೆಗೊನೆ, ಸಿಹಿಗುಂಬಳ, ಕಾಲು ಕಟ್ಟಿದ ಹುಂಜ, ತಟ್ಟೆಯಲ್ಲಿ ಒಂದೇ ಒಂದು ಮೊಟ್ಟೆ. ಮೂರು ಸಲ ಕೂಗುವಷ್ಟರಲ್ಲಿ ಮೊಟ್ಟೆಯ ಬೆಲೆ ಕೋಳಿಯದನ್ನು ದಾಟಿರುತ್ತದೆ. ಕೊಂಡವ ಅದನ್ನು ಸಭೆಗೇ ಬಿಡುತ್ತಾನೆ, ಮತ್ತೆ ಕೂಗು, ಮತ್ತೆ ಚಪ್ಪಾಳೆ. ನಾನೂ ಒಮ್ಮೆ ಹಠಕ್ಕೆ ಬಿದ್ದು ಒಂದು ಕದಳಿ ಗೊನೆಗೆ ಬೇಕಾದಷ್ಟು ದುಡ್ಡು ಸುರಿದವನೇ. ನಿನ್ನ ಅಜ್ಜಿ ಮೂರು ದಿನ ಮಾತಾಡಿರಲಿಲ್ಲ. ಅದು ಕಾಣಿಕೆಯೋ ಜಂಬವೋ ದೇವರಿಗೇ ಗೊತ್ತು. ಆ ವರ್ಷ ನನ್ನ ಮಾಸಿಕ ವಂತಿಗೆ ಏಳು ತಿಂಗಳು ಬಾಕಿ ಇದ್ದದ್ದು ಮಾತ್ರ ನನಗೆ ಗೊತ್ತು.

ಮುಂದೆ ನನ್ನನ್ನೇ ಖಜಾಂಚಿ ಮಾಡಿದರು. ಆಗ ಬುದ್ಧಿ ಬಂತು. ಕರೆಂಟ್ ಬಿಲ್ಲು, ಸಭಾಪಾಲಕರ ಸಂಬಳ, ಗಂಟೆ ಬಾರಿಸುವವನ ಕೂಲಿ, ಒಡೆದ ಹಂಚು: ಇವು ಯಾವುದೂ ಅಡಿಕೆ ಧಾರಣೆ ನೋಡಿಕೊಂಡು ಬರುವುದಿಲ್ಲ. ಮಳೆ ಸುರಿಯುವ ಆಟಿ ತಿಂಗಳಲ್ಲಿ, ತೋಟಕ್ಕೆ ಕೊಳೆರೋಗ ಬಿದ್ದು, ಬೋರ್ಡೋ ದ್ರಾವಣ ಬಿಡಲು ಒಂದು ಹೊತ್ತಿನ ಬಿಸಿಲೂ ಸಿಗದೆ ಎಲ್ಲರ ಕೈ ಖಾಲಿ ಇರುವಾಗಲೇ ಬಂದು ಕೂರುತ್ತವೆ. ಸಂಪಾಜೆ ಕಡೆ ಹಳದಿ ಎಲೆ ರೋಗಕ್ಕೆ ತೋಟವನ್ನೇ ಕಳಕೊಂಡವರಿದ್ದಾರೆ. ಅವರಿಗೆ ವರ್ಷವಿಡೀ ಆಟಿಯೇ.

ಆರಾಧನೆ ಮುಗಿದ ಮೇಲೆ ನಾನೂ ಸಭೆಯ ಇನ್ನೊಬ್ಬರೂ ಕೂತು ಲಕೋಟೆ ಬಿಚ್ಚುತ್ತಿದ್ದೆವು. ಮೇಲೆ ಕುಟುಂಬದ ನಂಬರು ಮಾತ್ರ, ಹೆಸರಿಲ್ಲ. ಆದರೆ ಒಂದು ಲಕೋಟೆ ಯಾರದೆಂದು ಬಿಚ್ಚುವ ಮೊದಲೇ ತಿಳಿಯುತ್ತಿತ್ತು. ಹೊಗೆಸೊಪ್ಪಿನ ವಾಸನೆ. ಬೀಡಿ ಕಟ್ಟುವ ಹೆಂಗಸು. ವಾರದ ಮಜೂರಿ ಸಿಕ್ಕಿದ ಸಂಜೆಯೇ, ಅಂಗಡಿ ಸಾಲಕ್ಕೂ ಮೊದಲು, ಹತ್ತು ರೂಪಾಯಿ ತೆಗೆದು ಬೈಬಲಿನೊಳಗೆ ಇಡುತ್ತಿದ್ದರಂತೆ. ತಿಂಗಳಿಗೆ ನಾಲ್ಕು ನೋಟು, ಒಂದೊಂದೂ ನಾಲ್ಕು ಮಡಿಕೆ. ಐದು ವಾರ ಬಂದ ತಿಂಗಳು ಐದು. ಒಂಬತ್ತು ವರ್ಷದಲ್ಲಿ ಆ ಲಕೋಟೆ ತಪ್ಪಿದ್ದು ಎರಡೇ ಸಲ. ಒಂದು, ಅವರ ಗಂಡ ತೀರಿಕೊಂಡಾಗ. ಖಜಾಂಚಿ ಆಡಬಾರದ ಮಾತು ಇದು. ಅವರು ಈಗಿಲ್ಲ, ಅದಕ್ಕೇ ಆಡಿದೆ. ಆಟಿಯ ಬಿಲ್ಲು ಕಟ್ಟಿದ್ದು ಅಂಥ ಲಕೋಟೆಗಳು, ನನ್ನ ಬಾಳೆಗೊನೆಯಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯ ತೆಗೆದು ನೋಡು. ಜೆರೂಸಲೇಮಿನ ಬಡವರಿಗಾಗಿ ವಾರವಾರವೂ ಅವರವರ ಗಳಿಕೆಗೆ ತಕ್ಕಂತೆ ತೆಗೆದಿಡಲು ಹೇಳುತ್ತಾನೆ. ತಾನು ಬಂದ ಮೇಲೆ ವಸೂಲಿಯ ಗಡಿಬಿಡಿ ಬೇಡ ಎಂಬುದು ಅವನ ಲೆಕ್ಕಾಚಾರ. ಏಲಂ ಕೂಗುವುದು ಅವನಿಗೂ ಬೇಡವಾಗಿತ್ತು ಅಂತ ನಾನು ತಮಾಷೆಗೆ ಹೇಳುವುದುಂಟು. ಮಿಜೋರಾಂನ ಕ್ರೈಸ್ತ ಹೆಂಗಸರು 1910ರಿಂದ, ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ. ಅದನ್ನು ಒಟ್ಟುಮಾಡಿ ಮಾರಿದ ಹಣ ಸಭೆಗೆ. ಬಡ ಮನೆಗೂ ಒಂದು ಹಿಡಿ ಭಾರವಾಗದು.

ಸಭೆಯ ಖರ್ಚನ್ನು ಹೀಗೆ ನಾವೇ ಹೊರಬೇಕು ಎಂಬುದನ್ನು ನಮ್ಮ ಹಿರಿಯರು ಪೆಟ್ಟು ತಿಂದು ಕಲಿತರು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದಮೇಲೆ ಶಾಲೆ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲದಕ್ಕೂ ಮಿಶನೇ ಆಸರೆ. 1914ರಲ್ಲಿ ಯುದ್ಧ ಶುರುವಾಯಿತು. ಮಿಶನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದೂರದಿಂದ ಬರುವ ದುಡ್ಡು ಒಂದು ದಿನ ನಿಲ್ಲುತ್ತದೆ ಎಂದು ಆವತ್ತು ಗೊತ್ತಾಯಿತು.

ಎಷ್ಟು ಕೊಡಬೇಕು ಅಂತ ಕೇಳುತ್ತೀ. ದಶಮಾಂಶದ ಮಾತು ನಿನಗೆ ಗೊತ್ತಿದೆ. ಆದರೆ ನಿನ್ನ ತಲೆ ಮೇಲೆ ಓದಿನ ಸಾಲ ಇದೆ, ತಂಗಿಯ ಫೀಸಿದೆ. ನೂರಕ್ಕೆ ಮೂರೇ ಆಗಲಿ, ಸಂಬಳ ಬಂದ ದಿನವೇ ತೆಗೆದಿಡು. ತಿಂಗಳ ಕೊನೆಗೆ ಉಳಿದದ್ದು ಕೊಡುತ್ತೇನೆಂದರೆ ಏನೂ ಉಳಿದಿರುವುದಿಲ್ಲ. ಕೊಟ್ಟರೆ ದುಪ್ಪಟ್ಟು ಬರುತ್ತದೆ ಎಂದು ಟಿವಿಯಲ್ಲಿ ಕೂಗುವವರ ಮಾತಿಗೆ ಮರುಳಾಗಬೇಡ. ಅದು ಲಾಟರಿ, ಕಾಣಿಕೆಯಲ್ಲ. ರಸೀದಿ ಕೇಳಿ ತಕ್ಕೋ. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳು, ಯಾರೂ ಬೇಸರ ಮಾಡಿಕೊಳ್ಳಬಾರದು.

ಮತ್ತೆ, ಎಲ್ಲವನ್ನೂ ಊರಿಗೇ ಕಳಿಸಬೇಡ. ಬೆಂಗಳೂರಿನಲ್ಲಿ ಭಾನುವಾರ ಯಾವ ಫ್ಯಾನಿನಡಿ ಕೂರುತ್ತೀಯೋ ಅದರ ಬಿಲ್ಲಿಗೆ ಮೊದಲು ಕೊಡು. ಉಳಿದದ್ದರಲ್ಲಿ ಇಲ್ಲಿಗೆ ಸ್ವಲ್ಪ ಸಾಕು. ನಿನ್ನ ಹೆಸರಿಗೆ ಬೇರೆ ಲಕೋಟೆ ಮಾಡಲು ಈಗಿನ ಖಜಾಂಚಿಗೆ ಹೇಳಿ ಬಂದಿದ್ದೇನೆ. ಬರುವ ತಿಂಗಳಿನಿಂದಲೇ ಶುರು ಮಾಡು. ಬೆಳೆ ಹಬ್ಬಕ್ಕೂ ಬಾ, ಮೊಟ್ಟೆಗೆ ನಾವಿಬ್ಬರೂ ಕೂಗೋಣ.